ಮೊದಲು ಕಫ, ಆಮೇಲೆ ಮಾತ್ರೆ

ಮುಂಬೈಯ ಲೋಕಲ್ ರೈಲಿನಲ್ಲಿ ಯಾರಾದರೂ ಕೆಮ್ಮಿದರೆ ಉಳಿದವರು ಮುಖ ತಿರುಗಿಸುತ್ತಾರೆ. ವತ್ಸಲಾ ಮೇಡಂ ಕಿವಿಗೊಡುತ್ತಿದ್ದರು. "ಇದು ಒಣಕೆಮ್ಮಲ್ಲ ಕಣೇ, ಕಫ ಇದೆ" ಎಂದು ನನಗೆ ಪಿಸುಗುಟ್ಟಿ, ಕಫ ಬರುತ್ತದಾ, ಯಾವ ಬಣ್ಣದ್ದು ಎಂದು ಕೆಮ್ಮಿದ ಹೆಂಗಸನ್ನೇ ಹಿಂದಿಯಲ್ಲಿ ಕೇಳಿಬಿಡುವರು: "ಬಲ್ಗಮ್ ಆತಾ ಹೈ ಕ್ಯಾ? ಕಿಸ್ ರಂಗ್ ಕಾ?" ಇಡೀ ಲೇಡೀಸ್ ಡಬ್ಬ ನಮ್ಮತ್ತ ನೋಡುತ್ತಿತ್ತು. ನಾನು ಅವರ ಪರಿಚಯವೇ ಇಲ್ಲದವಳಂತೆ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದೆ.

ಗೋರೆಗಾಂವ್‌ನ ಆಸ್ಪತ್ರೆಯೊಂದರ ಲ್ಯಾಬ್‌ಗೆ ಮೈಸೂರಿನ ಈ ಮೇಡಂ ಮುಖ್ಯಸ್ಥೆ, ಕಲಬುರಗಿ ಕಡೆಯ ನಾನು ಟೆಕ್ನಿಷಿಯನ್. ರೋಗಿಗಳ ಕಫದಲ್ಲಿರುವ ರೋಗಾಣುಗಳನ್ನು ಪ್ಲೇಟಿನಲ್ಲಿ ಬೆಳೆಸಿ, ಯಾವ ಆಂಟಿಬಯೋಟಿಕ್‌ಗೆ ಸಾಯುತ್ತವೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನೋಡುವುದು ನಮ್ಮ ಕೆಲಸ. ಮೊದಲೇ ಮಾತ್ರೆ ನುಂಗಿ ಬಂದವರ ಕಫದಲ್ಲಿ ಎಷ್ಟೋ ಸಲ ಏನೂ ಬೆಳೆಯದು. ಅಂಥವರಿಗೆ ಮೇಡಂ ಚೆನ್ನಾಗಿ ಬೈಯುತ್ತಿದ್ದರು: "ಮೊದಲು ಕಫ, ಆಮೇಲೆ ಮಾತ್ರೆ! ಮೆಡಿಕಲ್‌ನವನೇನು ನಿಮ್ಮ ಡಾಕ್ಟರಾ?"

ಒಮ್ಮೆ ಹಾಗೆ ಬೈಸಿಕೊಂಡ ಗಾರೆ ಕೆಲಸದ ಗೌಂಡಿಯೊಬ್ಬ ತಲೆತಗ್ಗಿಸಿ, "ಕೆಮ್ಮಿದ್ರ ಕೆಲಸಕ್ಕ ಬ್ಯಾಡ ಅಂತಾರ್ರೀ ಬಾಯಾರ" ಎಂದ. "ಕೆಲಸ ಇರುತ್ತಪ್ಪ, ನೀನು ಇರಬೇಕಲ್ಲ" ಎಂದರು ಮೇಡಂ, ದನಿ ತಗ್ಗಿಸದೆ.

ಕಳೆದ ಮಳೆಗಾಲ ಮೇಡಂ ಅವರೇ ನ್ಯುಮೋನಿಯಾ ಆಗಿ ನಮ್ಮ ವಾರ್ಡಿನಲ್ಲಿ ಮಲಗಿದರು. ಅವರ ಕಫವನ್ನು ನಾನೇ ಪ್ಲೇಟಿಗೆ ಹಚ್ಚಿದೆ. ಏನೂ ಬೆಳೆಯಲಿಲ್ಲ. ರೋಗಾಣುವೇ ಇಲ್ಲವೇನೋ ಎಂದು ಡಾಕ್ಟರು ಬೇರೆ ಕಾರಣ ಹುಡುಕತೊಡಗಿದರು; ಇತ್ತ ಮೇಡಂಗೆ ಉಸಿರು ಸಾಲುತ್ತಿರಲಿಲ್ಲ. ಅವರೇ ಕಲಿಸಿದ ಪ್ರಶ್ನೆಯನ್ನು ಅವರಿಗೇ ಕೇಳಬೇಕಾಯಿತು. ನಾಚಿಕೆಯಿಂದ ನೆಲ ನೋಡುತ್ತಲೇ ಕೇಳಿದೆ.

"ಮೇಡಂ, ಇಲ್ಲಿ ಬರೂಕಿಂತ ಮೊದ್ಲ ಗುಳಿಗಿ ಏನರೆ ತಗೊಂಡಿದ್ರೇನ್ರಿ?"

ಅವರು ಆಕ್ಸಿಜನ್ ಮಾಸ್ಕ್ ಸರಿಸಿ ಗೋಡೆಯ ಕಡೆ ತಿರುಗಿದರು. "ಲೋಕಲ್‌ನಲ್ಲಿ ಕೆಮ್ಮಿದೆ ಕಣೇ. ಪಕ್ಕದವಳು ಎದ್ದು ಹೋದ್ಲು. ಬಾಂಬೆಯಲ್ಲಿ ಯಾರಾದ್ರೂ ಸೀಟು ಬಿಡ್ತಾರೇನೆ? ಅಷ್ಟು ಅಸಹ್ಯ ಆಗ್ಬಿಟ್ನಾ ಅನ್ನಿಸ್ತು. ಇಳಿದವಳೇ ಮೆಡಿಕಲ್‌ಗೆ ಹೋದೆ." ಆಮೇಲೆ ಮೆಲ್ಲಗೆ, "ಯಾರಿಗೂ ಹೇಳ್ಬೇಡ ಕಣೇ" ಎಂದರು.

ಡಾಕ್ಟರಿಗೆ ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಔಷಧ ಬದಲಾಯಿತು, ಮೇಡಂ ಉಳಿದರು. ಆದರೆ ಸುದ್ದಿ ವಾರ್ಡಿನಿಂದ ಲ್ಯಾಬ್‌ಗೂ ಮುಟ್ಟಿತು. ಯಾರೋ ಅವರ ದನಿಯಲ್ಲೇ "ಮೊದಲು ಕಫ!" ಎಂದು ಅಣಕಿಸಿದರೆ ಎಲ್ಲರೂ ನಗುವರು. ಆಸ್ಪತ್ರೆಯಿಂದ ಮನೆಗೆ ಹೊರಟ ದಿನ ಮೇಡಂ ಲ್ಯಾಬ್ ಬಾಗಿಲವರೆಗೆ ಬಂದು, ಒಳಗಿನ ಆ ನಗು ಕೇಳಿ ಹಿಂದಿರುಗಿದರಂತೆ. ಮತ್ತೆ ಕೆಲಸಕ್ಕೆ ಬರಲೇ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ.

ಮೊನ್ನೆ ಮಾಟುಂಗ ಸ್ಟೇಷನ್ನಿನ ಹೊರಗೆ ಹೂವು ಕೊಳ್ಳುತ್ತ ನಿಂತಿದ್ದರು. ಬಹಳ ಇಳಿದುಹೋಗಿದ್ದರು. "ಮೇಡಂ!" ಎಂದೆ. ನನ್ನನ್ನು ನೋಡಿದವರೇ ಸೆರಗನ್ನು ಬಾಯಿಗೊತ್ತಿಕೊಂಡು ಜನರ ನಡುವೆ ಸರಸರ ನಡೆದುಬಿಟ್ಟರು. ಸೆರಗಿನೊಳಗೇ ಕೆಮ್ಮಿದ್ದು ನನಗೆ ಕೇಳಿಸಿತು.

ಒಣಕೆಮ್ಮಲ್ಲ. ಇನ್ನೊಮ್ಮೆ ಕರೆಯಲು ನನಗೆ ಮುಖವಿರಲಿಲ್ಲ.