ನೀರುಗಂಟಿ ಚಾಮಯ್ಯ ಮತ್ತು ಐದು ತಾಯಿಬಳ್ಳಿಗಳು

ನಂಜನಗೂಡಿನ ಕಡೆಯ ಹೆಮ್ಮರಗಾಲದ ಚಾಮಯ್ಯ ಮೂವತ್ತೊಂದು ವರ್ಷ ನಾಲೆಯ ನೀರುಗಂಟಿಯಾಗಿದ್ದವರು. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ನೋಡಿಕೊಳ್ಳುವ ಕೆಲಸ. ಪಾಳಿ ಮುಗಿಯಿತೆಂದು ಅವರು ಹೇಳಿದರೆ ಜಗಳಗಂಟರೂ ಗುದ್ದಲಿ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರಂತೆ. ಸುಳ್ಳು ಹೇಳುವುದಿಲ್ಲ ಎಂಬ ಹೆಸರೊಂದೇ ಅವರ ಅಧಿಕಾರವಾಗಿತ್ತು.

೨೦೦೩ರಲ್ಲಿ, ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ನಾನು ಅವರಲ್ಲಿಗೆ ಹೋದದ್ದು ಗರುಡನ ಗರಿಗಳಿಗಾಗಿ. ನಂಜನಗೂಡಿನ ಕಡೆಯ ಗರುಡಗಳೂ ಟಿ. ನರಸೀಪುರದ ಸಂಗಮದ ಗರುಡಗಳೂ ಒಂದೇ ತಾಯಿಬಳ್ಳಿಯವೇ, ಅಂದರೆ ತಾಯಿಯ ಕಡೆಯಿಂದ ಒಂದೇ ವಂಶದವೇ ಎಂಬುದು ನಮ್ಮ ಪ್ರಶ್ನೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್ಎ ಇದೆ. ಅದು ಮರಿಗೆ ತಾಯಿಯಿಂದ ಮಾತ್ರ ಬರುತ್ತದೆ. ಉದುರಿದ ಗರಿಯ ಬುಡದಿಂದ ಅದನ್ನು ತೆಗೆದು ಒಂದು ಹಕ್ಕಿಯದನ್ನು ಇನ್ನೊಂದರದಕ್ಕೆ ಅಕ್ಷರಕ್ಕಕ್ಷರ ಹೋಲಿಸಬಹುದು. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿತ್ತು. ನರಸೀಪುರದ ಕಡೆ ನಾನು ಆರಿಸಿದೆ. ಹೆಮ್ಮರಗಾಲದಲ್ಲಿ ಚಾಮಯ್ಯ ಪ್ರತಿ ಸೋಮವಾರ ಗರುಡನ ಗೂಡಿದ್ದ ದೊಡ್ಡ ಹುಣಸೆಮರದ ಬುಡದ ಗರಿಗಳನ್ನು ಒಂದೊಂದು ಕವರಿಗೆ ಹಾಕಿ, ಮರದ ಹೆಸರು, ತಾರೀಖು ಬರೆದಿಡುತ್ತಿದ್ದರು.

ತಂದೆಯ ಕಡೆಯದು ಲೆಕ್ಕಕ್ಕಿಲ್ಲ ಎಂಬುದು ಮಾತ್ರ ಅವರಿಗೆ ಹಿಡಿಸಲಿಲ್ಲ.

“ಅಪ್ಪನೂ ಗೂಡ್ಗೆ ಕಡ್ಡಿ ಒತ್ಕಂಡ್ ಬತ್ತಾನಲ್ಲ ಸಾ. ಅವನ್ಗೇನೂ ಇಲ್ವಾ?”

ಒಂದು ಹಂಗಾಮಿನ ಇಪ್ಪತ್ತಮೂರು ಗರಿ ಸೇರಿದವು. ಒಂದೇ ಜೋಡಿಯ ಗೂಡು. ತಾಯಿ, ಮರಿಗಳದು ಒಂದು ಬಗೆ. ಗಂಡಿನದು ಬೇರೆಯಿದ್ದರೆ ಇನ್ನೊಂದು. ಹೆಚ್ಚೆಂದರೆ ಎರಡು ಇರಬೇಕು. ಬಂದದ್ದು ಐದು. ರಾಸಾಯನಿಕ ಬದಲಿಸಿ ಮತ್ತೆ ಪರೀಕ್ಷೆ ಮಾಡಿದೆ; ಐದೇ. ಕವರು ಅದಲುಬದಲಾಯಿತೇ ಎಂದು ಪಟ್ಟಿಯನ್ನು ಮೂರು ಸಲ ತಾಳೆ ನೋಡಿದೆ, ಆಗಿರಲಿಲ್ಲ. ನನ್ನ ಗೈಡ್ ಯೋಚಿಸಲಿಲ್ಲ. ಆ ಮನುಷ್ಯ ಎಲ್ಲೆಲ್ಲೋ ಆರಿಸಿ ಮರದ ಹೆಸರು ಬರೆದಿದ್ದಾನೆ, ಅವನ ಕವರುಗಳನ್ನೆಲ್ಲ ಎಸೆದು ಬೇರೆಯವರನ್ನು ಗೊತ್ತುಮಾಡು ಎಂದರು.

ಅದನ್ನು ಹೋಗಿ ಚಾಮಯ್ಯನವರಿಗೆ ಹೇಳಿದೆ.

“ಮರದ ಬುಡ್ದಲ್ಲಿ ಸಿಕ್ಕಿದ್ನೇ ತಂದಿವ್ನಿ. ನೀರ್ ವಿಸ್ಯದಲ್ಲೇ ಸುಳ್ಳೇಳ್ದೋನಲ್ಲ, ಗರಿ ವಿಸ್ಯದಲ್ಲಿ ಏಳ್ತೀನಾ?”

ನಂಬದೆ ಇರಲಾಗಲಿಲ್ಲ. ನನ್ನ ಪರೀಕ್ಷೆಯೂ ತಪ್ಪಿರಲಿಲ್ಲ. ಎರಡೂ ನಿಜವಾಗುವುದು ಹೇಗೆಂದು ತಿಳಿಯದೆ ಮರುದಿನ ಬೆಳಗ್ಗೆ ಸುಮ್ಮನೆ ಅವರ ಜೊತೆ ನಾಲೆಯ ಏರಿಯ ಮೇಲೆ ನಡೆದೆ. ಅಂದು ಗುರುವಾರ. ಹುಣಸೆಮರ ಇನ್ನೂ ಒಂದೂವರೆ ಮೈಲಿ ಇರುವಾಗ ದಾರಿಯಲ್ಲಿ ಕೆಂಗಂದು ಗರಿಯೊಂದು ಬಿದ್ದಿತ್ತು. ಚಾಮಯ್ಯ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ರುಮಾಲಿಗೆ ಸಿಕ್ಕಿಸಿಕೊಂಡರು. ಮರ ಬಂದಾಗ ತೆಗೆದು ಬುಡದಲ್ಲಿಟ್ಟು ಮುಂದೆ ನಡೆದರು.

ಯಾಕೆ ಎಂದು ಕೇಳಿದೆ.

“ದಾರೀಲಿದ್ರೆ ತುಳೀತಾರೆ ಸಾ. ಗರುಡನ್ದು ಅವನ್ ಮನೆ ಮುಂದೆ ಇಕ್ಬುಡ್ತೀನಿ. ನಮ್ಮಪ್ಪನೂ ಅಂಗೇ ಮಾಡ್ತಿದ್ದ.”

“ಸೋಮವಾರ ಇದೂ ಕವರಿಗೆ ಹೋಗುತ್ತಾ?”

“ಮತ್ತೆ? ಬುಡ್ದಲ್ಲೇ ಅದಲ್ಲ.”

ಬೇರೆ ಬೇರೆ ಗೂಡಿನ ಹಕ್ಕಿಗಳ ಗರಿಗಳು ಹೀಗೆ ಒಂದೇ ಮನೆಗೆ ಬಂದು ಸೇರಿದ್ದವು. ಬಿಡಿಸಿ ಹೇಳುತ್ತಿದ್ದಂತೆ ಅವರ ಮುಖ ಸಣ್ಣಗಾಯಿತು.

“ಅಂಗಾರೆ ನಾನು ಸುಳ್ಳೇಳ್ದಂಗಾಯ್ತಾ?”

ಇಲ್ಲ ಎಂದೆ. ಕವರುಗಳನ್ನು ಎಸೆಯಲಿಲ್ಲ. ‘ದೊಡ್ಡ ಹುಣಸೆಮರ’ ಎಂಬುದನ್ನು ಒಂದೊಂದರಲ್ಲೂ ಹೊಡೆದುಹಾಕಿ ‘ಹೆಮ್ಮರಗಾಲ ನಾಲೆ, ಮೂರು ಮೈಲಿಯೊಳಗೆ’ ಎಂದು ಬರೆದೆ. ನರಸೀಪುರದೊಡನೆ ಹೋಲಿಸಲು ಅಷ್ಟು ಸಾಕು. ಆರಿಸಿದವರ ಹೆಸರಿನ ಜಾಗದಲ್ಲಿ ‘ಚಾಮಯ್ಯ’ ಹಾಗೇ ಉಳಿಯಿತು. ಗೈಡ್ ಗೊಣಗಿ ಒಪ್ಪಿದರು. ದಾರಿಯ ಗರಿಗೆ ಬೇರೆ ಕವರು ಕೊಟ್ಟು, ಸಿಕ್ಕಿದ ಕಡೆಯೇ ಅದರೊಳಗೆ ಹಾಕಬೇಕೆಂದು ಹೇಳಿಬಂದೆ.

ಮುಂದಿನ ವಾರ ಹೋದಾಗ ಗರಿಯೊಂದನ್ನು ಹಿಡಿದು ಮರದ ಕೆಳಗೆ ನಿಂತಿದ್ದರು. ಬುಡದಲ್ಲಿಟ್ಟರು, ತಕ್ಷಣ ಎತ್ತಿಕೊಂಡರು, ‘ದಾರಿ’ ಎಂದು ಬರೆದ ಕವರನ್ನು ಬಿಚ್ಚಿ ನನ್ನತ್ತ ನೋಡಿದರು.

“ಒಂದ್ ಗಳಿಗೆ ಇಟ್ಟು ಎತ್ಕಂಡ್ರೆ ಲೆಕ್ಕ ಕೆಡ್ತದಾ ಸಾ?”

ಕೆಡುವುದಿಲ್ಲ ಎಂದೆ.