ಆಂಟಿವೈರಸ್ ನುಂಗಿದ ಸೆರಗು

ನಾಗರತ್ನ ಕಳ್ಳಿಯಲ್ಲ. ಇದು ನನಗೆ ವರ್ಷಗಳಿಂದ ಗೊತ್ತು — ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ.

ಮೊಳಕಾಲ್ಮೂರಿನಲ್ಲಿ ನನ್ನದು ರೇಷ್ಮೆ ಸೀರೆಯ ಡಿಸೈನ್ ಅಂಗಡಿ. ನೇಕಾರರು ಹೇಳಿದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಆ ಫೈಲಿನಂತೆ ಮಗ್ಗಕ್ಕೆ ಬೇಕಾದ ತೂತಿನ ರಟ್ಟು ಕೊರೆದು ಕೊಡುತ್ತೇವೆ. ಬಿಡಿಸುತ್ತಿದ್ದವಳು ಕೊಂಡ್ಲಹಳ್ಳಿಯ ನಾಗರತ್ನ. ಅವಳ ಗಂಡಭೇರುಂಡದ ಸೆರಗಿಗಾಗಿ ನೇಕಾರರು ಕಾಯುತ್ತಿದ್ದರು.

ನಾನು ಕಟ್ಟುನಿಟ್ಟಿನ ಮನುಷ್ಯ. ಸಂಜೆ ಅವಳು ಹೊರಟ ಮೇಲೆ ಅಂಗಡಿ ಗುಡಿಸಿ, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ, ಕಂಪ್ಯೂಟರಿನಲ್ಲಿ ಆಂಟಿವೈರಸ್ ಓಡಿಸಿಯೇ ಬಾಗಿಲು ಹಾಕುತ್ತಿದ್ದೆ. ಅದೂ ಕಸ ಹೊಡೆಯುವ ಕೆಲಸವೇ ಎಂದುಕೊಂಡಿದ್ದೆ. ಪರದೆ ಏನು ಕೇಳಿದರೂ ಓದದೆ 'ಯೆಸ್' ಒತ್ತುತ್ತಿದ್ದೆ.

ಆ ದಿನಗಳಲ್ಲೇ ಡಿಸೈನ್ ಫೈಲುಗಳು ಕಾಣೆಯಾಗತೊಡಗಿದವು.

"ಸಂಜೆ ಸೇವ್ ಮಾಡಿದ್ದೆ ಯಜಮಾನ್ರೇ, ಬೆಳಿಗ್ಗೆ ನೋಡಿದ್ರೆ ಇಲ್ಲ" ಎನ್ನುತ್ತಿದ್ದಳು. ನಂಬಿದೆ — ಒಂದೆರಡು ಸಲ. ಆಮೇಲೆ ಅವಳ ಫೋನು, ಪೆನ್‌ಡ್ರೈವ್, ಕೈಚೀಲ, ಎಲ್ಲದರ ಮೇಲೂ ಕಣ್ಣಿಟ್ಟೆ. ನಕ್ಕರೆ, ಯಾಕೆ ನಕ್ಕಳು? ಸುಮ್ಮನಿದ್ದರೆ, ಏನು ಮುಚ್ಚಿಡುತ್ತಿದ್ದಾಳೆ? ಒಂದು ದಿನ ಗಂಡಭೇರುಂಡದ ಫೈಲೂ ಕಾಣೆಯಾದಾಗ ನೇಕಾರ ತಿಪ್ಪೇಸ್ವಾಮಿ ತಮಾಷೆ ಮಾಡಿದ: "ಏನ್ರಿ, ನಮ್ ಹಕ್ಕಿ ರಾಯದುರ್ಗಕ್ಕೆ ಹಾರಿ ಹೋತಾ?" ಸೀರೆ ನೇಯುವ ಆ ಊರಿನಲ್ಲೇ ಅವಳ ಅಣ್ಣ ಇರುವುದು. ನನಗೆ ಅಷ್ಟೇ ಸಾಕಾಯಿತು.

ನೇಕಾರರೆಲ್ಲ ಕೂತಿದ್ದಾಗಲೇ ಕೇಳಿದೆ: "ಯಾರಿಗೆ ಮಾರಿದೆ, ಹೇಳು."

"ನನ್ ಮಗಳಾಣೆ—" ಎಂದವಳೇ ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬುತ್ತಿ ಡಬ್ಬಿ, ಬಾಚಣಿಗೆ, ಬಸ್ಸಿನ ಟಿಕೆಟು... ಎಲ್ಲ ಬಾಚಿಕೊಂಡು ಹೋದಳು. ಊರಿನ ಯಾವ ಡಿಸೈನ್ ಅಂಗಡಿಯೂ ಆಮೇಲೆ ಅವಳನ್ನು ಒಳಗೆ ಸೇರಿಸಲಿಲ್ಲ.

ಅವಳು ಹೋದ ಮೇಲೂ ಫೈಲುಗಳು ಹೋಗುತ್ತಲೇ ಇದ್ದವು. ಚಳ್ಳಕೆರೆಯಿಂದ ಬಂದ ರಿಪೇರಿಯವನು ಆಂಟಿವೈರಸ್ಸನ್ನು ತೆರೆದು, ಅದು ಫೈಲುಗಳನ್ನು ಬಚ್ಚಿಡುವ ಜಾಗ ತೋರಿಸಿದ. "ಕಳ್ಳ ಇಲ್ಲೇ ಅವ್ನೆ ನೋಡ್ರಿ. ನಿಮ್ ಹಳೇ ಸಾಫ್ಟ್‌ವೇರ್‌ನ ಫೈಲು ಕಂಡ್ರೆ ಇದಕ್ಕೆ ಅನುಮಾನ. ಎತ್ತಿಡ್ಲಾ ಅಂತ ಕೇಳೈತೆ, ನೀವು ಯೆಸ್ ಅಂದೀರಿ." ಗಂಡಭೇರುಂಡ ಅಲ್ಲೇ ಇತ್ತು. ಒಂದು ಎಳೆಯೂ ಕೆಟ್ಟಿರಲಿಲ್ಲ.

ಅಂದೇ ಹೇಳಬಹುದಿತ್ತು. ಹೇಳಲಿಲ್ಲ — ಫೈಲು ಹೊರತೆಗೆದು ರಟ್ಟು ಕೊರೆಸಿದೆ. ತಿಪ್ಪೇಸ್ವಾಮಿ ಕೇಳಿದಾಗ "ಹೊಸದಾಗಿ ಬರೆಸಿದೆ" ಎಂದೆ.

ಮೊನ್ನೆ ಒಂದು ಮದುವೆಯಲ್ಲಿ ಮದುಮಗಳ ಮೈಮೇಲೆ ಆ ಸೆರಗು ಕಂಡಿತು. ಯಾರೋ ಹೊಗಳಿದರು, ತಲೆಯಾಡಿಸಿದೆ. ಊಟಕ್ಕೆ ಕೂರದೆ ಹೊರಟುಬಂದೆ. ಮರುದಿನ ಚಳ್ಳಕೆರೆಗೆ, ನಾಗರತ್ನ ಈಗ ಕೆಲಸ ಮಾಡುವ ಜೆರಾಕ್ಸ್ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಹಾಳೆ ಜೋಡಿಸುವುದನ್ನು ನಿಲ್ಲಿಸಲಿಲ್ಲ.

"ನಾನು ಕದ್ದಿಲ್ಲ ಅಂತ ನನಗೆ ಮೊದ್ಲೇ ಗೊತ್ತೈತಲ್ರಿ. ಗೊತ್ತಿಲ್ದೋರ್ಗೆ ಹೇಳ್ರಿ."

ಇಂದು ಮೊದಲು ತಿಪ್ಪೇಸ್ವಾಮಿಯ ಮನೆಗೆ ಹೋದೆ. ಅವನು ಮಗ್ಗ ನಿಲ್ಲಿಸಿ ಕೇಳಿಸಿಕೊಂಡ.

"ಹಂಗಾರೆ ಆ ಹೆಣ್ಮಗಳನ್ನ ನಾವು ಕಳ್ಳಿ ಅಂದಿದ್ದು ನಿಮ್ ಮಾತು ಕಟ್ಕೊಂಡು?"

"ಹೌದು" ಎಂದೆ.

ಕೂತ್ಕೊಳ್ರಿ ಎಂದು ಅವನು ಹೇಳಲಿಲ್ಲ. ಹೊರಬಂದು, ಮುಂದಿನ ನೇಕಾರನ ಮನೆಯ ಬಾಗಿಲು ತಟ್ಟಿದೆ.