ವೆಂಕಟೇಶಪ್ಪ ಕುಡಿದು ಸಾಯಲಿಲ್ಲ

ರತ್ನಮ್ಮನ ಗಂಡ ವೆಂಕಟೇಶಪ್ಪ ಕುಡಿದು ಸತ್ತ ಎಂದು, ಊರೆಲ್ಲ ನೋಡುವ ವಿಡಿಯೊದಲ್ಲಿ ಹೇಳಿದವನು ನಾನು. ಬಾಯಿತಪ್ಪಿ ಬಂದದ್ದಲ್ಲ. ಹೇಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಆರು ವರ್ಷವಾಯಿತು. ಆ ವಿಡಿಯೊಗೆ ಜನ ನನಗೆ ಶಾಲು ಹೊದಿಸಿದರು, ದೇಶದ ಮಾನ ಉಳಿಸಿದೆ ಎಂದರು — ನಾನು ಹೊದ್ದುಕೊಂಡೆ.

ನಾನು ಬಂಗಾರಪೇಟೆ ಕಡೆಯ ದನದ ದಲ್ಲಾಳಿ. ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿ ಪರರ ದನ ಕಾಯ್ದು ಬೆಳೆದವನು. ಶಾಲೆ ಅರ್ಧಕ್ಕೇ ನಿಂತಿತು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದನ್ನೂ, ಮನುಷ್ಯನ ಮುಖ ನೋಡಿ ಅವನು ಎಷ್ಟು ಬೆಲೆಗೆ ಇಳಿಯುತ್ತಾನೆಂದು ತಿಳಿಯುವುದನ್ನೂ ಕಲಿತೆ. ಅಷ್ಟರಲ್ಲೇ ಆಂಡರ್ಸನ್‌ಪೇಟೆಯಲ್ಲಿ ಸ್ವಂತ ಮನೆ ಮಾಡಿದೆ. ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತೇವೆ. ಬಾಯಿ ಇರುವುದು ಬೇರೆ ಕೆಲಸಕ್ಕೆ. ಹೊರಗಿನ ಗಿರಾಕಿ ‘ಈ ಎತ್ತು ಕುಂಟುತ್ತಲ್ಲ’ ಎಂದರೆ, ಅವನ ಮಾತು ಮುಗಿಯುವ ಮೊದಲೇ ‘ನಿನ್ನೆ ಮುಳ್ಳು ತುಳೀತು ಸ್ವಾಮಿ’ ಎನ್ನಬೇಕು. ಊನವೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಊನಕ್ಕೊಂದು ಸಣ್ಣ ಕಾರಣ ಕೊಟ್ಟರೆ ನಂಬುತ್ತಾರೆ. ಈ ಕಸುಬಿಗೆ ಬರುವವರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಇದು. ಸಂತೆಯಲ್ಲಿ ಇದು ನಡೆಯುತ್ತದೆ, ಗಿರಾಕಿಗೂ ಗೊತ್ತಿರುತ್ತದೆ. ಸಂತೆಯ ಹೊರಗೆ —

ಆ ವರ್ಷ ಹೊರದೇಶದ ಒಂದು ಪತ್ರಿಕೆಯವರು ಕೆಜಿಎಫ್‌ಗೆ ಬಂದರು. ಬರೆಯುವವಳು ಒಬ್ಬಳು, ಫೋಟೊ ತೆಗೆಯುವವನು ಒಬ್ಬ. ಎರಡು ದಿನ ಮೈಸೂರು ಮೈನ್ಸ್ ಕಡೆಯ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಓಡಾಡಿ ಹೋದರು. ತಿಂಗಳ ಮೇಲೆ ಲೇಖನ ಬಂತು. ಇಂಗ್ಲಿಷ್ ಬಲ್ಲವರೊಬ್ಬರು ಟೀ ಅಂಗಡಿಯಲ್ಲಿ ಕೂತು ನಮಗೆ ಬಿಡಿಸಿ ಹೇಳಿದರು. ಬಿಳಿಯರು ಅಚ್ಚುಕಟ್ಟಾಗಿ ಕಟ್ಟಿಕೊಟ್ಟ ಊರನ್ನು ಕಾಪಾಡಿಕೊಳ್ಳಲಾರದ ಮಂದಿ ನಾವಂತೆ. ಗಣಿ ಮುಚ್ಚಿದ ಮೇಲೆ ಧೂಳಿನ ಗುಡ್ಡ ನೋಡುತ್ತಾ ಕೂತಿದ್ದೇವಂತೆ. ಫೋಟೊದಲ್ಲಿ ರತ್ನಮ್ಮ ಸೌದೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಮನೆಯ ಗ್ಯಾಸ್ ಒಲೆಯನ್ನು ಪಕ್ಕಕ್ಕಿಡಿಸಿ, ನೀರು ಕಾಯಿಸುವ ಹಿತ್ತಲ ಒಲೆಯ ಮುಂದೆ ಅವಳನ್ನು ಕೂರಿಸಿ ತೆಗೆದದ್ದೆಂದು ಆಮೇಲೆ ತಿಳಿಯಿತು. ಅವಳ ಮನೆ ಪಕ್ಕದಲ್ಲೇ ನನ್ನ ಬೈಕ್ ನಿಂತಿತ್ತು, ಫೋಟೊದಲ್ಲಿ ಅದಿರಲಿಲ್ಲ. ಆಚೆಗೆ ಕಟ್ಟಿದ್ದ ಎಮ್ಮೆ ಇತ್ತು. ‘ಅವ್ರ ಕಣ್ಗೆ ನಿನ್ ಬೈಕ್ ಕಾಣ್ಲಿಲ್ಲ ಕಣಣ್ಣ, ಎಮ್ಮೆ ಕಾಣ್ತು ನೋಡು’ ಎಂದು ಅಂಗಡಿಯವನು ನಕ್ಕ. ನನಗೆ ನಗು ಬರಲಿಲ್ಲ.

ಊರಿನ ಯುವಕರ ಸಂಘದ ಕಾರ್ಯದರ್ಶಿ ಉತ್ತರ ಕೊಡಲೇಬೇಕೆಂದು ಹಟ ಹಿಡಿದ. ಮಾತು ಬಲ್ಲವನು ನಾನು ತಾನೇ. ಮುಚ್ಚಿದ ಗಣಿಯ ಗೇಟಿನ ಮುಂದೆ ನಿಲ್ಲಿಸಿ ಮೊಬೈಲ್ ಹಿಡಿದರು. ಚೆನ್ನಾಗಿಯೇ ಮಾತಾಡಿದೆ. ಊರು ಕಟ್ಟಿದವರು ಬಿಳಿಯರಲ್ಲ, ಸುರಂಗಕ್ಕಿಳಿದ ನಮ್ಮವರು. ಚಿನ್ನ ಯಾವ ದೇಶದ ಹಡಗು ಹತ್ತಿತು ಎಂಬುದನ್ನು ಆಯಮ್ಮ ಯಾಕೆ ಬರೆಯಲಿಲ್ಲ? ಮನೆಗೆ ಕರೆದು ಕಾಫಿ ಕೊಟ್ಟವರನ್ನು ಅಯ್ಯೋ ಪಾಪದ ಪ್ರಾಣಿಗಳ ಹಾಗೆ ತೋರಿಸುವುದು ಯಾವ ಮರ್ಯಾದೆ? ಈ ಮಾತುಗಳಲ್ಲಿ ಒಂದನ್ನೂ ನಾನು ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆಗ ಕಾರ್ಯದರ್ಶಿ ಕೇಳಿದ — ಗಣಿ ಧೂಳು ಕುಡಿದು ಗಂಡ ಸತ್ತ ಎಂದು ರತ್ನಮ್ಮ ಆ ಲೇಖನದಲ್ಲಿ ಹೇಳಿದ್ದಾಳಲ್ಲ, ಅದಕ್ಕೇನಂತೀರಿ?

ಆ ಇಡೀ ಲೇಖನದಲ್ಲಿ ನಿಜವಾದ ಮಾತು ಅದೊಂದೇ. ನನಗೆ ಕಂಡದ್ದು ಮಾತ್ರ ಕುಂಟುವ ಎತ್ತನ್ನು ತೋರಿಸುತ್ತಿರುವ ಗಿರಾಕಿ. ಪ್ರಶ್ನೆ ಮುಗಿಯುವ ಮೊದಲೇ ಕಾರಣ ಬಾಯಿಗೆ ಬಂತು.

‘ಯಾವ ಧೂಳು ಸ್ವಾಮಿ? ಕುಡ್ದು ಕುಡ್ದು ಸತ್ತ. ನಾನೇ ಕಣ್ಣಾರೆ ನೋಡಿದ್ದೀನಿ.’

ನಾನು ಕಣ್ಣಾರೆ ನೋಡಿದ್ದು ಬೇರೆ. ವೆಂಕಟೇಶಪ್ಪ ನೆಲದಡಿ ಕಲ್ಲು ಕೊರೆಯುತ್ತಿದ್ದವನು. ಗಣಿ ನಿಂತ ಮೇಲೆ ನನ್ನ ಜೊತೆ ದನ ಹೊಡೆದುಕೊಂಡು ಸಂತೆಗೆ ಬರುತ್ತಿದ್ದ. ಮದುವೆ ಮನೆಯಲ್ಲಿ ಬಲವಂತ ಮಾಡಿದರೂ ಸೋಡಾ ಕುಡಿದು ಎದ್ದುಬರುತ್ತಿದ್ದ. ಬರಬರುತ್ತಾ ಪ್ರತಿ ಮೋರಿಕಟ್ಟೆಯ ಮೇಲೂ ಕೂರತೊಡಗಿದ. ‘ನೀನು ನಡೀ ಮಾವ, ದನ ನಿಲ್ಲೋದಿಲ್ಲ’ ಎಂದು ಕೈಯಾಡಿಸುತ್ತಿದ್ದ. ಕೋಲಾರದ ಆಸ್ಪತ್ರೆಗೆ ಕರೆದೊಯ್ದವನು ನಾನು. ರತ್ನಮ್ಮ ಮಗಳನ್ನು ಎತ್ತಿಕೊಂಡು ಹೊರಗೆ ಕೂತಿದ್ದಳು. ಡಾಕ್ಟರು ಎದೆಯ ಎಕ್ಸ್‌ರೇ ಫಿಲಂ ಬೆಳಕಿಗೆ ಹಿಡಿದು, ಇದು ಕಲ್ಲಿನ ಪುಡಿ, ಇನ್ನು ಇಳಿಯುವುದಿಲ್ಲ ಎಂದರು. ಅದನ್ನು ಕೇಳಿದವರು ನಾವಿಬ್ಬರು, ಅವನೂ ನಾನೂ. ಅವನು ತೀರಿಹೋದ ಮೇಲೆ ಹಾಸಿಗೆಯ ಜೊತೆ ಫಿಲಂ, ಚೀಟಿ ಎಲ್ಲವನ್ನೂ ಸುಟ್ಟುಬಿಟ್ಟರು. ಹಾಗಾಗಿ ಉಳಿದದ್ದು ನಾನೊಬ್ಬನೇ — ನನ್ನ ಬಾಯಿ ಒಂದೇ.

ವಿಡಿಯೊ ಮೂರು ದಿನದಲ್ಲಿ ಊರೂರು ಸುತ್ತಿತು. ನಾಲ್ಕನೆಯ ದಿನ ರತ್ನಮ್ಮ ನನ್ನ ಮನೆ ಬಾಗಿಲಿಗೆ ಬಂದಳು. ಒಳಗೆ ಬಾ ಎಂದೆ. ಬರಲಿಲ್ಲ.

‘ಅಣ್ಣಾ, ನೀನೂ ಅಂದ್ಬುಟ್ಯಾ?’

ಅಷ್ಟೇ ಕೇಳಿದ್ದು. ನಾನು ಅವಳಿಗೇ ಬುದ್ಧಿ ಹೇಳಿದೆ. ಮನೆಯ ಮಾತು ಹೊರಗಿನವರ ಮುಂದೆ ಆಡಬಾರದಮ್ಮ, ಹತ್ತು ದಿನದಲ್ಲಿ ಜನ ಮರೆಯುತ್ತಾರೆ ಎಂದೆ. ಅವಳು ಹೊರಟುಹೋದಳು.

ಜನ ಮರೆಯಲಿಲ್ಲ. ‘ಗಂಡ ಕುಡ್ದಿದ್ ಬಾಟ್ಲೀನೂ ಫೋಟೊ ತೆಗೆಸಿದ್ಯಾ ಅಕ್ಕಾ?’ ಎಂದು ನಲ್ಲಿಯ ಹತ್ತಿರ ಹೆಂಗಸರು ಕೇಳಿದರಂತೆ. ಮರುವರ್ಷ ಕಾರ್ಮಿಕರ ಕಡೆಯವರು ಕೆಲವರು, ಪರಿಹಾರ ಕೇಳಲೆಂದು, ಧೂಳಿನಿಂದ ಸತ್ತವರ ಪಟ್ಟಿ ಮಾಡಲು ಲೈನ್ ಲೈನ್ ತಿರುಗಿದರು. ಕಾಗದ ಸುಟ್ಟುಹೋದವರಿಗೆ ಇಬ್ಬರು ಸಾಕ್ಷಿ ಹಾಕಿದರೆ ಸಾಕಿತ್ತು. ರತ್ನಮ್ಮನಿಗೆ ಒಬ್ಬರೂ ಹಾಕಲಿಲ್ಲ. ಕೇಳಿದವರೆಲ್ಲ ಆ ವಿಡಿಯೊ ನೋಡಿ ಎಂದರು. ನನ್ನನ್ನು ಕೇಳಲು ಅವಳು ಬರಲಿಲ್ಲ. ನಾನಾಗಿಯೂ ಹೋಗಲಿಲ್ಲ — ಸಾಕ್ಷಿ ಬರೆಸುವ ದಿನ ದೊಡ್ಡ ವ್ಯಾಪಾರವಿದೆ ಎಂದು ಮನೆಯಲ್ಲಿ ಹೇಳಿ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಸಂಜೆಯವರೆಗೂ. ಪಟ್ಟಿಯಲ್ಲಿ ವೆಂಕಟೇಶಪ್ಪನ ಹೆಸರು ಸೇರಲಿಲ್ಲ. ಅವಳು ಮಗಳನ್ನು ಕರೆದುಕೊಂಡು ಬೂದಿಕೋಟೆಯಲ್ಲಿರುವ ತಂಗಿಯ ಮನೆ ಸೇರಿದಳು.

ಆಮೇಲೆ ನನ್ನ ಹೆಂಡತಿಯೂ ತೀರಿಹೋದಳು. ಅವಳಿಗೂ ಇದನ್ನು ಹೇಳಿರಲಿಲ್ಲ. ಈಗಲೂ ಜನ ನನ್ನ ಜಗಲಿಗೆ ಬರುತ್ತಾರೆ, ಸೈಟು ಕೊಳ್ಳಲೋ, ಹಸು ಮಾರಲೋ, ಬೀಗರ ಜೊತೆ ಹೇಗೆ ಮಾತಾಡಲಿ ಎಂದು ಕೇಳುತ್ತಾರೆ. ಹೇಳುತ್ತೇನೆ. ಎದ್ದು ಹೋಗುತ್ತಾರೆ. ಹೊತ್ತು ಹೊತ್ತಿಗೆ ಹೋಟೆಲಿನಲ್ಲಿ ಉಣ್ಣುತ್ತೇನೆ. ಇಷ್ಟು ಜನಕ್ಕೆ ದಾರಿ ಹೇಳುವವನಿಗೆ ಈ ಒಂದು ಮಾತನ್ನು ಯಾರ ಮುಂದೆ ಇಡಬೇಕೆಂದು — ತಿಳಿಯಲಿಲ್ಲ. ವೆಂಕಟೇಶಪ್ಪ ಇದ್ದಿದ್ದರೆ ಅವನಿಗೆ ಹೇಳುತ್ತಿದ್ದೆ.

ಹೋದ ತಿಂಗಳು ಬೂದಿಕೋಟೆ ಬಸ್ಸು ಹತ್ತಿದೆ. ರತ್ನಮ್ಮ ಹಸುಗಳಿಗೆ ಮೇವು ಹಾಕುತ್ತಿದ್ದಳು. ನೀರು ತಂದುಕೊಟ್ಟಳು, ಕೂರು ಎನ್ನಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ, ಡಾಕ್ಟರು ಹೇಳಿದ್ದು, ಸ್ಟೇಷನ್ನಿನ ಬೆಂಚು, ಎಲ್ಲ. ಅವಳು ಮೇವು ಹರವುತ್ತಲೇ ಕೇಳಿದಳು.

‘ನಂಗ್ಯಾಕಣ್ಣ ಇದು? ನಂಗೆ ಗೊತ್ತಿಲ್ವಾ? ಅವತ್ತು ಊರ್ ಮುಂದೆ ಅಂದಿದ್ದು. ಊರ್ ಮುಂದೇನೇ ಅನ್ನು.’

ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೋಗಿ ಇನ್ನೊಂದು ವಿಡಿಯೊ ಮಾಡೋಣ ಎಂದೆ. ‘ಬೇಡಣ್ಣಾ, ಮತ್ತೆ ಆ ಫಾರಿನ್ನೋರ ಬಾಯ್ಗೆ ನಾವೇ ಹಾಲು ಹುಯ್ದಂಗಾಗುತ್ತೆ’ ಎಂದ. ನೀವೇ ಹೀಗಂದರೆ ಊರಿನ ಗತಿಯೇನು ಎಂದು ನೊಂದುಕೊಂಡ. ಅವನನ್ನು ದೂರಲಾರೆ. ಅವನಿಗೆ ಈ ಪಾಠ ಕಲಿಸಿದವನು ನಾನೇ.

ಅದಕ್ಕೇ ನಿಮ್ಮ ಮುಂದೆ ಬರೆಯುತ್ತಿದ್ದೇನೆ. ಹೊರಗಿನವನು ನಮ್ಮನ್ನು ಹಗುರವಾಗಿ ಬರೆದರೆ ಬಿಡಬೇಡಿ, ಎದುರು ನಿಂತು ಕೇಳಿ. ಆದರೆ ಉತ್ತರ ಕೊಡುವ ಭರದಲ್ಲಿ ನಮ್ಮವರನ್ನೇ ಸುಳ್ಳಾಗಿಸಬೇಡಿ. ಇಷ್ಟು ಹೇಳಲು ನನಗೆ ಯೋಗ್ಯತೆ ಇಲ್ಲ, ಗೊತ್ತು.

ಬರುವ ಭಾನುವಾರ ಆಂಡರ್ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ನಿಂತು ಇದನ್ನೇ ಓದುತ್ತೇನೆ. ಪಟ್ಟಿ ಮಾಡಿದವರ ಹತ್ತಿರ ಹೋಗಿ ಸಾಕ್ಷಿ ಹಾಕುತ್ತೇನೆ. ಈಗ ಅದನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ತಿಳಿಯದು. ಓದುವಾಗ ನನ್ನ ಪಕ್ಕ ಯಾರೂ ನಿಲ್ಲುವುದಿಲ್ಲ. ರತ್ನಮ್ಮನ ಪಕ್ಕವೂ ಯಾರೂ ನಿಂತಿರಲಿಲ್ಲ — ನಿಲ್ಲಬಹುದಾಗಿದ್ದವನು ನಾನೊಬ್ಬನೇ.